ಎರಡು ಬಾವುಟಗಳ ನಡುವಿನ ನಕ್ಷತ್ರ

ಎಲ್ಲರೂ ಅವರನ್ನು ಹಲ್ಲಿನ ಮೇಷ್ಟ್ರು ಅನ್ನುತ್ತಿದ್ದರು. ಒಂದು ದಿನವೂ ಯಾರಿಗೂ ಅವರು ಪಾಠ ಹೇಳಿದವರಲ್ಲ. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ಅವರ ಕೆಲಸ. ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ಎದುರಿನವರನ್ನು ನೋಡುವ ಅಭ್ಯಾಸವಿತ್ತು. ಅದನ್ನು ಕಂಡು ಕಾಂಪೌಂಡರ್ ಯಾವಾಗಲೋ ಇಟ್ಟ ಹೆಸರು ಅಂಟಿಕೊಂಡಿತು. ಕಾಂಪೌಂಡರ್ ಕೆಲಸ ಬಿಟ್ಟು ಹೋಗಿ ಇಪ್ಪತ್ತು ವರ್ಷವಾದರೂ ಹೆಸರು ಹೋಗಲಿಲ್ಲ.

ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ತೆರೆದರೆ ಪಕ್ಕದ ಲಾಂಡ್ರಿಯ ಗೋಡೆ, ಮೂಗಿಗೆ ಸೋಪಿನ ವಾಸನೆ. ಮೇಜಿನ ಮೇಲೆ ಒಂದು ಗ್ಯಾಸಿನ ದೀಪ, ಮೇಣ ಕೆತ್ತುವ ಚಾಕುಗಳು, ಸೂಜಿಗಳು, ಸ್ಟ್ಯಾಂಡಿಗೆ ಸಿಕ್ಕಿಸಿದ ದೊಡ್ಡ ಭೂತಗನ್ನಡಿ. ನೆಲದಿಂದ ಹಿಡಿದು ಮೇಷ್ಟ್ರ ಹುಬ್ಬಿನವರೆಗೆ ಪ್ಲಾಸ್ಟರಿನ ಬಿಳಿ ಪುಡಿ. ರೋಗಿಯ ಬಾಯಿಂದ ತೆಗೆದ ಅಚ್ಚು ಡಾಕ್ಟರ ಕೋಣೆಯಿಂದ ಬರುತ್ತಿತ್ತು. ಮೇಷ್ಟ್ರು ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆ ಎಬ್ಬಿಸುತ್ತಿದ್ದರು, ಅದರ ಮೇಲೆ ಮೇಣ ಕೂರಿಸುತ್ತಿದ್ದರು, ಒಂದೊಂದೇ ಹಲ್ಲು ಕೆತ್ತುತ್ತಿದ್ದರು. ದವಡೆ ಹಲ್ಲಾದರೆ ನಡುವಿನಿಂದ ಹೊರಕ್ಕೆ ಐದಾರು ಗೀರು ಎಳೆಯಬೇಕು, ಇಲ್ಲವಾದರೆ ಅಗಿಯುವಾಗ ಜಾರುತ್ತದೆ. ಸೋದರಮಾವ ಈ ಕೆಲಸ ಕಲಿಸಿದಾಗ ಅವರಿಗೆ ಹದಿನೇಳು ವರ್ಷ. ಐವತ್ತೆಂಟಕ್ಕೆ ಬರುವಷ್ಟರಲ್ಲಿ ಆ ಗೀರುಗಳನ್ನು ಕೈಯೇ ಎಳೆಯುತ್ತಿತ್ತು. ತಲೆ ಬೇರೆಲ್ಲೋ ಇರುತ್ತಿತ್ತು.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆಯನ್ನು ಸುಳ್ಳು ಮಾಡುವುದೇ ತಮ್ಮ ಉದ್ಯೋಗ ಎಂದು ಅವರು ಹೇಳಿಕೊಳ್ಳುವುದಿತ್ತು. ಆದರೆ ಹೊಸ ಹಲ್ಲಿನಲ್ಲಿ ಮೊದಲ ಸಲ ನಕ್ಕವರೆಲ್ಲ ಕೈಮುಗಿದದ್ದು ಡಾಕ್ಟರಿಗೆ. ಬೋರ್ಡಿನ ಮೇಲಿದ್ದದ್ದೂ ಡಾಕ್ಟರ ಹೆಸರು. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಹೆಂಗಸು ಬಾಯ್ತುಂಬ ನಕ್ಕರೆ ಮೇಷ್ಟ್ರಿಗೆ ಥಟ್ಟನೆ ಗೊತ್ತಾಗುತ್ತಿತ್ತು, ಮೇಲಿನ ಸೆಟ್ಟು ತನ್ನದು, ಕೆಳಗಿನದು ಬೇರೆ ಯಾರದೋ ಎಂದು.

"ಕಂಡೋರ ಬಾಯಿ ಹಾಗೆ ನೋಡ್ತಾ ನಿಲ್ಬೇಡಿ," ಎಂದು ಹೆಂಡತಿ ತೋಳು ಹಿಡಿದು ಎಳೆಯುತ್ತಿದ್ದಳು. "ಒಂದಿನ ನಿಮ್ಮ ಹಲ್ಲೇ ಉದುರುತ್ತೆ."

ಆಕೆ ನೀರು ಸರಬರಾಜು ಕಚೇರಿಯ ವಿಚಾರಣೆ ಕಿಟಕಿಯಲ್ಲಿ ಗುಮಾಸ್ತೆ. ದಿನವಿಡೀ ಊರಿನ ಬೈಗುಳ ಕೇಳಿ ಮನೆಗೆ ಬರುವವಳು. ಹೀಗಾಗಿ ಬಾಯಿ ಹರಿತವಾಗಿತ್ತು, ಮನಸ್ಸು ಗಟ್ಟಿಯಾಗಿತ್ತು.

ನಾಣ್ಯಗಳ ಗೀಳು ಹತ್ತಿದ್ದು ಮೂವತ್ತೊಂದನೇ ವಯಸ್ಸಿನಲ್ಲಿ. ಗುಜರಿ ಅಂಗಡಿಯವನೊಬ್ಬ ಹಲ್ಲು ಕೀಳಿಸಿಕೊಳ್ಳಲು ಬಂದವನು ಹಿಂದಿನ ಕೋಣೆಗೆ ಇಣುಕಿ, ಬಿಸ್ಕತ್ತಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟ. ಒಳಗೆ ಮಣ್ಣು ಮೆತ್ತಿದ ಹಸಿರು ಬಿಲ್ಲೆಗಳು, ಉಗುರಿನಷ್ಟು ಅಗಲದವು. "ಕರಗಿಸೋಣ ಅಂದ್ರೆ ತೂಕಾನೇ ಇಲ್ಲ. ನೀವು ಏನೇನೋ ತೊಳೀತೀರಲ್ಲ, ನೋಡಿ," ಎಂದು ದವಡೆ ಒತ್ತಿಕೊಂಡು ಹೊರಟುಹೋದ. ಮೇಷ್ಟ್ರು ಒಂದನ್ನು ಆಸಿಡ್ಡಿಗೆ ಹಾಕಿದರು. ಹತ್ತು ನಿಮಿಷದಲ್ಲಿ ಹಸಿರೂ ಹೋಯಿತು, ಮುಖವೂ ಹೋಯಿತು, ಗುಲಾಬಿ ಬಣ್ಣದ ಬರೀ ತಾಮ್ರದ ಚೂರು ಉಳಿಯಿತು. ಎರಡನೆಯದನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ತಿಂಗಳು ನೆನೆಸಿಟ್ಟು, ಮೃದುವಾದ ಬ್ರಷ್ಷಿನಿಂದ ಉಜ್ಜಿ, ಭೂತಗನ್ನಡಿಯ ಕೆಳಗೆ ಹಿಡಿದರು. ಇಬ್ಬರು ಸೈನಿಕರು ಈಟಿ ಹಿಡಿದು ಎದುರುಬದುರು ನಿಂತಿದ್ದರು. ನಡುವೆ ಎರಡು ಬಾವುಟ. ಕೆಳಗೊಂದು ಗೆರೆ, ಗೆರೆಯ ಕೆಳಗೆ ನಾಲ್ಕು ಪುಟ್ಟ ಅಕ್ಷರ. ಸಾವಿರದ ಆರುನೂರು ವರ್ಷಕ್ಕೂ ಹಿಂದಿನ ರೋಮನ್ ಕಂಚು ಎಂದು ಗೊತ್ತಾಗಲು ಮತ್ತೆ ಮೂರು ತಿಂಗಳು ಹಿಡಿಯಿತು.

ಚಿನ್ನ ಬೆಳ್ಳಿ ಸಂಗ್ರಹಿಸುವವರು ಬೇಕಾದಷ್ಟಿದ್ದಾರೆ. ರೋಮ್ ಇಳಿಮುಖವಾಗುತ್ತಿದ್ದ ಕಾಲದ ಈ ಪುಡಿಕಂಚನ್ನು ಹೆಚ್ಚಿನವರು ಮೂಸಿಯೂ ನೋಡುವುದಿಲ್ಲ. ಲಕ್ಷಗಟ್ಟಲೆ ಹೊಡೆದು ಎಸೆದದ್ದು, ಸವೆದದ್ದು, ಮುಖ ಎಲ್ಲ ಒಂದೇ ಥರದ್ದು. ಮೇಷ್ಟ್ರನ್ನು ಹಿಡಿದದ್ದು ಗೆರೆಯ ಕೆಳಗಿನ ಆ ಅಕ್ಷರಗಳು. ಯಾವ ಊರಿನ ಟಂಕಸಾಲೆ, ಅದರಲ್ಲೂ ಎಷ್ಟನೆಯ ಕಾರ್ಯಾಗಾರ ಎಂಬುದು ಅದರಲ್ಲಿರುತ್ತದೆ. ಆಂಟಿಯೋಕ್ ಆದರೆ ಒಂದು ಗುರುತು, ಅಲೆಕ್ಸಾಂಡ್ರಿಯ ಆದರೆ ಇನ್ನೊಂದು. ತೂಕ ಕಡಿಮೆಯಾದರೆ ಮೂರನೆಯ ಕಾರ್ಯಾಗಾರದವರನ್ನೇ ಕರೆದು ಕೇಳಬಹುದು. ಕೆಲಸ ಮಾಡಿದವನನ್ನು ಹುಡುಕಿ ಹೋಗಲು ಒಂದು ಅಕ್ಷರವಿದೆ ಎಂಬುದು ಅವರಿಗೆ ಬಹಳ ಹಿಡಿಸಿತು.

ಒಂದು ದಿನ ಹೆಂಡತಿಗೆ ಎರಡು ನಾಣ್ಯ ತೋರಿಸಿ ವಿವರಿಸಿದರು. "ನೋಡು, ಮೊದಲು ಎರಡು ಬಾವುಟ ಇತ್ತು. ಆಮೇಲೆ ನಾಣ್ಯ ಚಿಕ್ಕದು ಮಾಡಿದ್ರು, ಜಾಗ ಸಾಲಲಿಲ್ಲ. ಒಂದು ಬಾವುಟ ತೆಗೆದ್ರು."

ಆಕೆ ಕನ್ನಡಕ ಸರಿ ಮಾಡಿಕೊಂಡು ನೋಡಿದಳು. "ಬಾವುಟ ಒಂದಾದ್ರೂ ಕಾಯೋರು ಇಬ್ರೇ ಇದಾರಲ್ರೀ. ನಮ್ಮ ಆಫೀಸಿನ ಹಾಗೇ."

ಆ ಮಾತನ್ನು ಮೇಷ್ಟ್ರು ನಾಣ್ಯ ಮಂಡಳಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದರು, ಯಾರು ಹೇಳಿದ್ದೆಂದು ಮಾತ್ರ ಹೇಳಲಿಲ್ಲ.

ಮಂಡಳಿ ಅಂದರೆ ಎಂಟು ಜನ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರುತ್ತಿದ್ದರು. ಕಾರ್ಯದರ್ಶಿ ಅಳತೆ ಮತ್ತು ತೂಕದ ಇಲಾಖೆಯಿಂದ ನಿವೃತ್ತರಾದ ಇನ್ಸ್‌ಪೆಕ್ಟರು. ಎಪ್ಪತ್ತೊಂಬತ್ತು ವರ್ಷ, ಎಲ್ಲರ ಬಾಯಲ್ಲಿ ತಕ್ಕಡಿ ಸಾಹೇಬ್ರು. ನೌಕರಿಯಲ್ಲಿದ್ದಾಗ ಸ್ವಂತ ಭಾವನ ಅಂಗಡಿಯ ಕಡಿಮೆ ತೂಕದ ಬಟ್ಟನ್ನೇ ಜಪ್ತಿ ಮಾಡಿ, ಅಕ್ಕನ ಮನೆಯ ಬಾಗಿಲು ನಾಲ್ಕು ವರ್ಷ ಮುಚ್ಚಿಸಿಕೊಂಡವರು. ಮಂಡಳಿಯ ನಿಯಮ ಅವರೇ ಮಾಡಿದ್ದು. ಹೊಸ ನಾಣ್ಯ ಬಂದರೆ ತಂದವನು ಬಾಯಿ ಬಿಡಕೂಡದು. ನಾಣ್ಯ ಮೇಜಿನ ಸುತ್ತ ಒಂದು ಸುತ್ತು ಹೋಗಬೇಕು. ಮಿಕ್ಕ ಏಳು ಜನ ತಮಗೆ ಕಂಡದ್ದನ್ನು ಚೀಟಿಯಲ್ಲಿ ಬರೆದು ಮಡಚಿಡಬೇಕು, ಕೆಳಗೆ ಹೆಸರು ಹಾಕಬೇಕು. ಕೊನೆಗೆ ಸಾಹೇಬರು ಒಂದೊಂದನ್ನೂ ಗಟ್ಟಿಯಾಗಿ ಓದಬೇಕು, ಒಂದನ್ನೂ ಬಿಡುವ ಹಾಗಿಲ್ಲ. ಒಬ್ಬರ ಕಣ್ಣು ಇನ್ನೊಬ್ಬರ ಬಾಯಿಂದ ಕೆಡಬಾರದು ಎಂಬುದು ಸಾಹೇಬರ ಸಿದ್ಧಾಂತ. ಮೇಷ್ಟ್ರು ತಂದ ನಾಣ್ಯಗಳ ಬಗ್ಗೆ ಮಾತ್ರ ಚೀಟಿಗಳಿಗೂ ಮೇಷ್ಟ್ರ ಓದಿಗೂ ಸಾಮಾನ್ಯವಾಗಿ ತಾಳೆಯಾಗುತ್ತಿತ್ತು. ಹಲ್ಲಿನ ಕೋಣೆಯಲ್ಲಿ ಯಾರೂ ಅಲ್ಲದವರು ಇಲ್ಲಿ ಮಾತಿಗೆ ಬೆಲೆಯುಳ್ಳವರಾಗಿದ್ದರು. ತಿಂಗಳಿಗೊಂದು ಬೆಳಿಗ್ಗೆಯಾದರೂ.

ಹೋದ ವರ್ಷ ಅಂಥದೇ ಇನ್ನೊಂದು ನಾಣ್ಯ ಸಿಕ್ಕಿತು. ಅದೇ ಇಬ್ಬರು ಸೈನಿಕರು, ಎರಡು ಬಾವುಟ, ಮೂರನೆಯ ಕಾರ್ಯಾಗಾರ. ಮಣ್ಣು ಸಡಿಲಾದ ಮೇಲೆ ಮೇಷ್ಟ್ರು ಸೂಜಿ ಹಿಡಿದು ಬಾವುಟಗಳ ನಡುವೆ ಉಳಿದಿದ್ದ ಸಿಪ್ಪೆಯಂಥ ಪದರವನ್ನು ಬಿಡಿಸುತ್ತ ಕೂತರು. ಹನ್ನೊಂದು ದಿನ, ಊಟದ ವಿರಾಮದಲ್ಲಿ ಅರ್ಧರ್ಧ ಗಂಟೆ. ಹನ್ನೊಂದನೆಯ ದಿನ ಅಲ್ಲೊಂದು ನಕ್ಷತ್ರ ಕಂಡಿತು. ಸಾಸಿವೆಯಷ್ಟಿತ್ತು, ಆರು ಕಿರಣ. ಮೇಷ್ಟ್ರು ಪುಸ್ತಕ ತೆಗೆದರು. ಆ ಊರು, ಆ ಕಾರ್ಯಾಗಾರದ ಪಟ್ಟಿಯಲ್ಲಿ ನಕ್ಷತ್ರ ಇರಲಿಲ್ಲ. ಇನ್ನೊಂದು ಪುಸ್ತಕದಲ್ಲೂ ಇರಲಿಲ್ಲ. ನಾಣ್ಯಕ್ಕೆ ತೆಳ್ಳಗೆ ಮೇಣ ಸವರಿ, ಕಾಗದದ ಲಕೋಟೆಯಲ್ಲಿಟ್ಟು, ಆ ದಿನ ಒಬ್ಬ ಅಜ್ಜನ ಕೆಳದವಡೆಗೆ ಮೇಲ್ದವಡೆಯ ಹಲ್ಲು ಕೂರಿಸಿಬಿಟ್ಟರು.

ನಿಯಮ ಪ್ರಕಾರ ಬಾಯಿ ಬಿಡಬಾರದಿತ್ತು. ಭಾನುವಾರದವರೆಗೆ ತಡೆಯಲಾಗದೆ ಮೂವರಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದರು, ಆ ಮೂವರು ಉಳಿದವರಿಗೆ ಹೇಳಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಎಲ್ಲೂ ಬರವಿಲ್ಲ. ಏಳು ಚೀಟಿ ತೆರೆದಾಗ ಏಳರಲ್ಲೂ ನಕ್ಷತ್ರ. ತಕ್ಕಡಿ ಸಾಹೇಬರದ್ದೂ ನಕ್ಷತ್ರವೇ. ಅವರು ಅದನ್ನು ಓದಿ, ಮಡಚಿ, ಫೈಲಿಗೆ ಹಾಕಿದರು.

ಮೇಷ್ಟ್ರು ನಾಲ್ಕು ಪುಟದ ಲೇಖನ ಬರೆದರು. ಮಂಡಳಿಯ ವಾರ್ಷಿಕ ಸಂಚಿಕೆಯಲ್ಲಿ ಅದು ಬರುವುದೆಂದಾಯಿತು. ಅಷ್ಟರಲ್ಲಿ, ಯಾರಿಂದಲೋ ಸುದ್ದಿ ತಿಳಿದ ದೂರದ ವಿದ್ವಾಂಸರೊಬ್ಬರಿಂದ ಮಂಡಳಿಗೆ ಪತ್ರ ಬಂತು. ಅವರು ಈ ಕಾಲದ ನಾಣ್ಯಗಳ ಹೊಸ ಸೂಚಿ ತಯಾರಿಸುತ್ತಿದ್ದರು. ಒಂದು ಒಳ್ಳೆಯ ಫೋಟೊ, ಒಂದು ಪ್ಲಾಸ್ಟರ್ ಅಚ್ಚು ಕಳಿಸಿದರೆ ಈ ಬಗೆಯನ್ನು ಸೂಚಿಗೆ ಸೇರಿಸುವುದಾಗಿಯೂ, ಪಕ್ಕದಲ್ಲಿ ಮೇಷ್ಟ್ರ ಪೂರ್ತಿ ಹೆಸರು ಹಾಕುವುದಾಗಿಯೂ ಬರೆದಿದ್ದರು. ಆ ಸಾಲನ್ನು ಸಾಹೇಬರು ಎರಡು ಸಲ ಓದಿದರು. ನಲವತ್ತೊಂದು ವರ್ಷ ಊರಿನ ಬಾಯಿಗಳಲ್ಲಿ ಹೆಸರಿಲ್ಲದೆ ಕೂತ ಮನುಷ್ಯನ ಹೆಸರು, ಗ್ರಂಥಾಲಯಗಳ ಕಪಾಟಿನಲ್ಲಿ ಅವನು ಸತ್ತ ಮೇಲೂ ಇರುವುದೆಂದಾಯಿತು. ಮೇಷ್ಟ್ರಿಗೆ ಅದು ಬೇಕಾಗಿತ್ತು, ತುಂಬ ಬೇಕಾಗಿತ್ತು. ಹೆಂಡತಿ ಸಂಚಿಕೆಯ ಆರು ಪ್ರತಿಗೆ ಮೊದಲೇ ಹೇಳಿಟ್ಟು, ತನ್ನ ಅಕ್ಕನಿಂದ ಹಿಡಿದು ಕಚೇರಿಯ ಜವಾನನವರೆಗೆ ಡಂಗುರ ಹೊಡೆದಳು.

ಅಚ್ಚು ತೆಗೆಯುವುದು ಮೇಷ್ಟ್ರಿಗೆ ಎಡಗೈ ಕೆಲಸ. ಬುಧವಾರ ಮಧ್ಯಾಹ್ನ ಹೊಸ ಅಚ್ಚು ತೆಗೆದು, ಅದನ್ನು ಇಡಲು ಒಂದು ಡಬ್ಬಿ ಬೇಕೆಂದು ಮೇಜಿನ ಕೆಳಗಿನ ಶೂ ಪೆಟ್ಟಿಗೆ ಎಳೆದರು. ಅದರಲ್ಲಿ ಹಳೆಯ ಅಚ್ಚುಗಳಿದ್ದವು. ಹಲ್ಲಿನ ಕೆಲಸದಲ್ಲಿ ಕೈಹಾಕುವ ಮೊದಲು ಇದ್ದ ಹಾಗೇ ಒಂದು ಅಚ್ಚು ತೆಗೆದಿಡುವುದು ಕ್ರಮ. ನಾಳೆ ರೋಗಿ ತಕರಾರು ತೆಗೆದರೆ ತೋರಿಸಲು ಬೇಕು. ಕೆಲಸ ಮುಗಿದ ಮೇಲೆ ಆ ಮೊದಲಿನ ಅಚ್ಚನ್ನು ಯಾರೂ ತಿರುಗಿ ನೋಡುವುದಿಲ್ಲ. ನಾಣ್ಯಗಳಿಗೂ ಮೇಷ್ಟ್ರು ಅದೇ ರೂಢಿ ನಡೆಸಿಕೊಂಡು ಬಂದಿದ್ದರು, ಅದೇ ರೀತಿ ತಿರುಗಿಯೂ ನೋಡಿರಲಿಲ್ಲ.

ನಕ್ಷತ್ರದ ನಾಣ್ಯದ ಮಣ್ಣು ಸಡಿಲಾದ ದಿನ, ಸೂಜಿ ಮುಟ್ಟಿಸುವ ಮೊದಲು ತೆಗೆದ ಅಚ್ಚು ಕೈಗೆ ಸಿಕ್ಕಿತು. ಸುಮ್ಮನೆ ಭೂತಗನ್ನಡಿಯ ಕೆಳಗಿಟ್ಟರು. ಬಾವುಟಗಳ ನಡುವೆ ಒಂದು ಚುಕ್ಕೆ ಇತ್ತು. ಚುಕ್ಕೆ ಮಾತ್ರ. ಅದರ ಸುತ್ತ ನೆಲ ಸಮತಟ್ಟಾಗಿ, ನುಣುಪಾಗಿ ಇತ್ತು. ನಿಜವಾದ ಕಿರಣಗಳಾಗಿದ್ದರೆ ಚುಕ್ಕೆಯಷ್ಟೇ ಎತ್ತರ ಉಬ್ಬಿ ನಿಂತಿರಬೇಕಿತ್ತು. ಪಕ್ಕಕ್ಕೆ ಹೊಸ ಅಚ್ಚು ಇಟ್ಟರು. ಇಲ್ಲಿ ಕಿರಣಗಳಿದ್ದವು, ಆದರೆ ಉಬ್ಬಿದ್ದು ಕಿರಣವಲ್ಲ. ಆರು ಗೀರುಗಳು ಒಳಕ್ಕೆ ಇಳಿದು, ನಡುವೆ ಉಳಿದ ಏಣುಗಳು ಕಿರಣದಂತೆ ಕಾಣುತ್ತಿದ್ದವು. ಕಂಚಿನ ಹಸಿರು ಚರ್ಮವನ್ನೇ ಮಣ್ಣೆಂದು ತಿಳಿದು ಯಾರೋ ನಡುವಿನಿಂದ ಹೊರಕ್ಕೆ ಕೆರೆದಿದ್ದರು.

ಮೇಜಿನ ಮೂಲೆಯಲ್ಲಿ ಬೆಳಿಗ್ಗೆ ಕೆತ್ತಿಟ್ಟ ದವಡೆ ಹಲ್ಲೊಂದಿತ್ತು. ಇನ್ನೂ ಮೇಣದಲ್ಲೇ ಇತ್ತು. ಮೇಷ್ಟ್ರು ಅದನ್ನೂ ತಂದು ಪಕ್ಕದಲ್ಲಿಟ್ಟರು. ಅದೇ ಆರು ಗೀರು, ಅದೇ ಓರೆ, ಎಡಗಡೆಯ ಕೊನೆಯ ಗೀರು ಅದೇ ಥರ ಸ್ವಲ್ಪ ಗಿಡ್ಡ. ಹನ್ನೊಂದು ದಿನ ತಲೆ ರೋಮಿನಲ್ಲಿತ್ತು, ಕೈ ತನ್ನ ಪಾಡಿಗೆ ಹಲ್ಲು ಕೆತ್ತಿತ್ತು.

ಹೊರಗಿನಿಂದ ಡಾಕ್ಟರು, "ಮೇಷ್ಟ್ರೇ, ಮೂರು ಗಂಟೆ ಪೇಷಂಟು ಬಂದಿದಾರೆ," ಎಂದು ಕೂಗಿದರು. "ಬಂದೆ," ಎಂದು ಮೇಷ್ಟ್ರು ಹಲ್ಲನ್ನು ತೆಗೆದುಕೊಂಡು ಎದ್ದರು.

ಎರಡು ದಿನ ಯಾರಿಗೂ ಹೇಳಲಿಲ್ಲ. ಹಳೆಯ ಅಚ್ಚನ್ನು ಚೂರು ಮಾಡಲು ಒಂದು ಸುತ್ತಿಗೆಯ ಏಟು ಸಾಕಿತ್ತು. ಸುತ್ತಿಗೆ ಕೈಯಳತೆಯಲ್ಲೇ ಇತ್ತು. ಮೇಷ್ಟ್ರು ದೇವತಾ ಮನುಷ್ಯರೇನಲ್ಲ, ಎರಡು ಸಲ ಸುತ್ತಿಗೆ ಎತ್ತಿಯೂ ನೋಡಿದರು. ಶನಿವಾರ ಬೆಳಿಗ್ಗೆ ತಿಂಡಿಯ ತಟ್ಟೆಯ ಮುಂದೆ ಹೆಂಡತಿಗೆ ಎಲ್ಲ ಹೇಳಿದರು. ಆಕೆ ಕೈ ತೊಳೆದು ಬಂದು ಎದುರು ಕೂತಳು.

"ಸಾವಿರದ ಆರುನೂರು ವರ್ಷದಿಂದ ಯಾರೂ ನೋಡಿಲ್ಲ. ಈಗ ಯಾರ್ರೀ ಬರ್ತಾರೆ ನೋಡೋಕೆ?"

"ನೋಡ್ಲಿ ಅಂತಾನೇ ಅಲ್ವಾ ನಾನು ಬರೆದಿದ್ದು?"

ಆಕೆ ಮೇಜಿನ ಮೇಲಿನ ಒರೆಸುಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು, ಬಿಡಿಸಿದಳು. ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಆ ಬಟ್ಟೆಯಿಂದಲೇ ಒರೆಸಿಕೊಂಡಳು. ಅವರಿಗಿಂತ ಹೆಚ್ಚು ಆಸೆ ಇಟ್ಟುಕೊಂಡಿದ್ದವಳು ಆಕೆ. ಮೇಷ್ಟ್ರಿಗೆ ಅದು ಆ ಕ್ಷಣದಲ್ಲಿ ಅರ್ಥವಾಯಿತು, ಅರ್ಥವಾಗಿ ಇನ್ನೂ ಕಷ್ಟವಾಯಿತು.

"ಹೋಗಿ ಹೇಳಿ ಬನ್ನಿ," ಅಂದಳು ಕೊನೆಗೆ. "ಆದ್ರೆ ನಮ್ಮಕ್ಕನಿಗೆ ನೀವೇ ಹೇಳ್ಬೇಕು. ಅದು ನನ್ನ ಕೈಲಾಗಲ್ಲ."

ಮರುದಿನವೇ ತಿಂಗಳ ಮೊದಲ ಭಾನುವಾರ. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಚಿಕೆಯ ಕರಡು ಪುಟಗಳು ಮೇಜಿನ ಮೇಲೆ ಹರಡಿದ್ದವು. ಮೇಷ್ಟ್ರ ಲೇಖನ ಎಲ್ಲಕ್ಕಿಂತ ಮೊದಲು, ಹೆಸರು ದಪ್ಪಕ್ಷರದಲ್ಲಿ. ಅವರು ಅದನ್ನು ಓದಲಿಲ್ಲ. ಜೇಬಿನಿಂದ ನಾಣ್ಯ, ಎರಡು ಅಚ್ಚು ತೆಗೆದು, "ಒಂದು ಸುತ್ತು ಹೋಗಲಿ," ಎಂದಷ್ಟೇ ಹೇಳಿ ಕೂತರು.

"ಇದು ಆಗಿದೆಯಲ್ಲ ಮೇಷ್ಟ್ರೇ," ಎಂದರು ಒಬ್ಬರು.

"ಇನ್ನೊಂದ್ಸಲ ಆಗ್ಲಿ."

ಮೂರೂ ವಸ್ತುಗಳು ಕೈಯಿಂದ ಕೈಗೆ ಹೋದವು. ಕೆಳಗೆ ಅಂಗಡಿಯಲ್ಲಿ ಯಾವುದೋ ಚಕ್ರಕ್ಕೆ ಗಾಳಿ ಹೊಡೆಯುವ ಸದ್ದು ಬರುತ್ತಿತ್ತು. ಅಚ್ಚುಗಳನ್ನು ನೋಡಿದ ಕೆಲವರು ತಲೆ ಎತ್ತಿ ಮೇಷ್ಟ್ರ ಮುಖ ನೋಡಿ ಮತ್ತೆ ತಲೆ ತಗ್ಗಿಸಿದರು. ತಕ್ಕಡಿ ಸಾಹೇಬರು ಮಾತ್ರ ಅಚ್ಚುಗಳನ್ನು ಮುಟ್ಟಲೇ ಇಲ್ಲ. ನಾಣ್ಯವನ್ನೊಮ್ಮೆ ಬೆಳಕಿಗೆ ಓರೆಯಾಗಿ ಹಿಡಿದು, ಕೆಳಗಿಟ್ಟು, ಚೀಟಿ ಬರೆಯಲು ಬಹಳ ಹೊತ್ತು ತೆಗೆದುಕೊಂಡರು.

ಚೀಟಿಗಳನ್ನು ಓದಿದರು. ಚುಕ್ಕೆ. ಚುಕ್ಕೆ. ನಕ್ಷತ್ರ, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ. ಚುಕ್ಕೆ. ಒಬ್ಬ ನಿಷ್ಠಾವಂತರದ್ದು ಇನ್ನೂ ನಕ್ಷತ್ರವೇ. ಚುಕ್ಕೆ. ಕೊನೆಯ ಚೀಟಿ ಸಾಹೇಬರದ್ದು. ಒಂದನ್ನೂ ಬಿಡುವ ಹಾಗಿಲ್ಲ ಎಂದು ನಿಯಮ ಮಾಡಿದವರು ಅವರೇ. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಓದಿದರು.

"ಚುಕ್ಕೆ. ಸುತ್ತಲಿನ ಗೀರು ಹೊಸವು, ತಳದಲ್ಲಿ ಲೋಹ ಹೊಳೀತಾ ಇದೆ. ಹೋದ ಸಲವೂ ಕಂಡಿತ್ತು."

ಮೇಷ್ಟ್ರಿಗೆ ಮೊದಲು ಅರ್ಥವೇ ಆಗಲಿಲ್ಲ. ಬೈಗುಳಕ್ಕೆ ಸಿದ್ಧರಾಗಿ ಬಂದಿದ್ದರು, ನಗೆಪಾಟಲಾಗುವುದಕ್ಕೂ ಸಿದ್ಧರಾಗಿ ಬಂದಿದ್ದರು, ಇದಕ್ಕೆ ಮಾತ್ರ ಸಿದ್ಧರಾಗಿರಲಿಲ್ಲ.

"ಹೋದ ಸಲ ನೀವು ನಕ್ಷತ್ರ ಅಂತ ಬರೆದಿದ್ರಿ ಸಾಹೇಬ್ರೇ."

"ಬರೆದಿದ್ದೆ."

"ಗೀರು ಕಂಡ ಮೇಲೂ ಹಾಗೆ ಬರೆದ್ರಾ?"

"ನಿಮ್ಮ ಮುಖ ನೋಡಿದೆ ಮೇಷ್ಟ್ರೇ. ಅಷ್ಟು ಖುಷೀಲಿ ನಿಮ್ಮನ್ನ ನಾನು ಯಾವತ್ತೂ ನೋಡಿರ್ಲಿಲ್ಲ. ಮೂವತ್ತಾರು ವರ್ಷ ಊರಿನ ತಕ್ಕಡಿ ನೋಡಿದೋನು ನಾನು. ಅವತ್ತು ಒಂದ್ಸಲ ನಾನೇ ತಟ್ಟೆ ಮೇಲೆ ಬೆರಳಿಟ್ಟೆ."

ಮೇಷ್ಟ್ರಿಗೆ ಸಿಟ್ಟು ಬಂತು, ನಲವತ್ತು ವರ್ಷದಲ್ಲಿ ಡಾಕ್ಟರ ಮೇಲೂ ಬಾರದಷ್ಟು. ಸ್ವಂತ ಭಾವನನ್ನು ಬಿಡದವರು ತನ್ನನ್ನು ಬಿಟ್ಟುಬಿಟ್ಟಿದ್ದರು. ಬಿಟ್ಟದ್ದು ಪ್ರೀತಿಯಿಂದ, ಅದು ಮುಖದಲ್ಲೇ ಕಾಣುತ್ತಿತ್ತು. ಆ ಪ್ರೀತಿ ಇಪ್ಪತ್ತು ವರ್ಷದ ಚೀಟಿಗಳ ಮೇಲೆಲ್ಲ ಹಿಂದಕ್ಕೆ ಹರಡುತ್ತ ಹೋಯಿತು. ಯಾವ ಚೀಟಿ ನಿಜ, ಯಾವುದು ಕನಿಕರ? ತಾನು ಬಲ್ಲವನು ಎಂದುಕೊಂಡದ್ದೆಲ್ಲ ಇವರೆಲ್ಲ ಸೇರಿ ಬೆನ್ನು ತಟ್ಟಿದ್ದೋ? ಹೆಸರು ಹೋದದ್ದಕ್ಕೆ ಆಗದಿದ್ದ ನೋವು ಈಗ ಆಯಿತು.

"ಬೇರೆ ಯಾವುದಕ್ಕೆ ಬೆರಳಿಟ್ರಿ?"

"ಇನ್ಯಾವುದಕ್ಕೂ ಇಲ್ಲ."

"ನಾನು ಹೇಗೆ ನಂಬ್ಲಿ?"

ಸಾಹೇಬರು ಕರಡು ಪುಟಗಳಲ್ಲಿ ಮೊದಲ ನಾಲ್ಕನ್ನು ಎಳೆದುಕೊಂಡು, ಒಂದಕ್ಕೊಂದು ಅಂಚು ಸೇರಿಸಿ, ಮೇಷ್ಟ್ರ ಮುಂದಿಟ್ಟರು. ಮೇಷ್ಟ್ರು ಪುಟಗಳನ್ನು ಮಡಚಿ ಜೇಬಿಗೆ ಹಾಕಿ ಎದ್ದರು. ಬಾಗಿಲವರೆಗೆ ಹೋದರು. ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ ಎಂದು ಮನಸ್ಸಿನಲ್ಲಿ ನಿರ್ಧಾರವಾಗಿಯೂ ಬಿಟ್ಟಿತ್ತು. ಅಲ್ಲಿ ನಿಂತು ತಿರುಗಿದಾಗ, ಸಾಹೇಬರು ತಮ್ಮ ಚೀಟಿಯನ್ನು ಫೈಲಿಗೆ ಸಿಕ್ಕಿಸಲು ಪರದಾಡುತ್ತಿರುವುದು ಕಂಡಿತು. ತಮ್ಮ ತಪ್ಪನ್ನು ತಾವೇ ದಾಖಲೆ ಮಾಡುತ್ತಿದ್ದರು.

ಮೇಷ್ಟ್ರು ವಾಪಸು ಬಂದು ಕೂತರು.

"ಮುಂದಿನ ತಿಂಗಳಿಂದ ನನ್ನ ನಾಣ್ಯ ಎಲ್ಲಾ ತರ್ತೀನಿ. ಮೊದಲನೇದ್ರಿಂದ. ಒಂದೊಂದೂ ಮತ್ತೆ ಸುತ್ತು ಹೋಗ್ಬೇಕು. ಯಾರೂ ನನ್ನ ಮುಖ ನೋಡ್ಬಾರ್ದು."

"ಎಷ್ಟಿವೆ?" ಎಂದು ಸಾಹೇಬರು ಕೇಳಿದರು.

"ಮುನ್ನೂರ ಹನ್ನೆರಡು."

ಸಾಹೇಬರು ಬೆರಳು ಮಡಚಿ ಲೆಕ್ಕ ಹಾಕಿದರು. "ಒಂದು ಸಲಕ್ಕೆ ಹತ್ತು ಅಂದ್ರೂ ಎರಡು ವರ್ಷ ಎಂಟು ತಿಂಗಳು. ಅಲ್ಲೀವರೆಗೆ ನಾನಿರ್ಬೇಕಲ್ಲ ಮೇಷ್ಟ್ರೇ?"

"ಇರ್ಬೇಕು," ಎಂದರು ಮೇಷ್ಟ್ರು. ಸಿಟ್ಟು ಇನ್ನೂ ಇಳಿದಿರಲಿಲ್ಲ. "ನಿಮ್ಮಿಂದ ನಂಗೆ ಮುನ್ನೂರ ಹನ್ನೆರಡು ಚೀಟಿ ಬರ್ಬೇಕು. ಅದು ಮುಗಿಯೋವರೆಗೆ ನೀವು ಎಲ್ಲಿಗೂ ಹೋಗೋ ಹಾಗಿಲ್ಲ."